ಮುಖ ನಿಮ್ಮದು, ವಟ್ಟ ನಮ್ಮದು

ಸೂರತ್ತಿನಿಂದ ಮುಂಬಯಿ ದಿಕ್ಕಿಗೆ ಹೊರಟರೆ ಉಧನಾ, ಭೇಸ್ತಾನ್ ದಾಟಿದ ಮೇಲೆ ಸಚಿನ್ ಎಂಬ ಸ್ಟೇಷನ್ ಸಿಗುತ್ತದೆ. ಕ್ರಿಕೆಟಿಗೂ ಈ ಊರಿಗೂ ಸಂಬಂಧವಿಲ್ಲ. ಆದರೂ ಹಳದಿ ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಅದನ್ನು ಹೇಳಿ ಯಾರೂ ನಿಷ್ಠುರರಾಗುವುದಿಲ್ಲ. ಹೆಸರು ಚಲಾವಣೆಯಲ್ಲಿದ್ದರೆ ಸಾಕು, ಅದು ಯಾರದೆಂದು ಕೇಳಬಾರದು. ಈ ಸೀಮೆಯ ಎರಡು ಸಾವಿರ ವರ್ಷಗಳ ಅರ್ಥಶಾಸ್ತ್ರವೂ ಹೆಚ್ಚುಕಡಿಮೆ ಇಷ್ಟೇ.

ಇಲ್ಲಿ ಯಾರು ಆಳಲಿಲ್ಲ ಹೇಳಿ. ಶಕರು, ಗುಪ್ತರು, ಕಳಚುರಿಗಳು, ನಮ್ಮ ಚಾಲುಕ್ಯರು, ರಾಷ್ಟ್ರಕೂಟರು, ಮೊಗಲರು, ಕಂಪನಿಯವರು. ಕೊನೆಗೆ 1791ರಲ್ಲಿ ಜಂಜೀರಾದ ಕಡಲಕೋಟೆಯ ಹಕ್ಕನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ಈ ಸಚಿನ್ನನ್ನು ಪಡೆದ ಸಿದ್ದಿ ನವಾಬ. ಅವನ ವಂಶಕ್ಕೆ ಒಂಬತ್ತು ತೋಪಿನ ಸಲಾಮು. ಬಂದವರಲ್ಲಿ ಹೆಚ್ಚಿನವರು ಲೋಹದ ಬಿಲ್ಲೆಯ ಮೇಲೆ ತಮ್ಮ ಮುಖವನ್ನೋ, ದೇವರನ್ನೋ, ಬಿರುದನ್ನೋ ಒತ್ತಿ ಇದು ಆಚಂದ್ರಾರ್ಕ ಉಳಿಯಲಿ ಎಂದು ಹಾರೈಸಿಕೊಂಡರು. ಆ ಬಿಲ್ಲೆಯನ್ನು ಅಂಗೈಯಲ್ಲಿಟ್ಟು, ತಕ್ಕಡಿಗೆ ಹಾಕಿ, ಮುಖ ನೋಡದೆಯೇ ‘ವಜನ್ ಕೇಟ್ಲುಂ?’ ಎಂದವನು ಒಬ್ಬನೇ. ಗುಜರಾತಿನಲ್ಲಿ ಅವನು ಶರಾಫ, ನಮ್ಮಲ್ಲಿ ಚಿನಿವಾರ. ಚಕ್ರವರ್ತಿಗಳ ಚರಿತ್ರೆಯನ್ನು ಕವಿಗಳಿಂದ ಬರೆಸಿದ್ದು ತಪ್ಪಾಯಿತು, ಚಿನಿವಾರನನ್ನು ಕೇಳಬೇಕಿತ್ತು.

ನಮ್ಮವರಿಂದಲೇ ಶುರುಮಾಡೋಣ, ಇಲ್ಲದಿದ್ದರೆ ಪಕ್ಷಪಾತ ಎನ್ನುತ್ತಾರೆ. ಸಚಿನ್‌ನ ದಕ್ಷಿಣಕ್ಕಿರುವ ನವಸಾರಿಯಲ್ಲಿ ಬಾದಾಮಿ ಚಾಲುಕ್ಯರ ಶಾಖೆಯೊಂದು ಆಳುತ್ತಿತ್ತು. ಅಲ್ಲಿಯ ಅವನಿಜನಾಶ್ರಯ ಪುಲಕೇಶಿ ಅರಬ್ಬರ ಸೈನ್ಯವನ್ನು ಹಿಮ್ಮೆಟ್ಟಿಸಿದ. ಬಾದಾಮಿಯ ಒಡೆಯ ಸಂತೋಷಪಟ್ಟು ಕೊಟ್ಟದ್ದು ನಾಲ್ಕು ಬಿರುದು: ದಕ್ಷಿಣಾಪಥಸಾಧಾರ, ಚಲುಕ್ಕಿಕುಲಾಲಂಕಾರ, ಪೃಥ್ವೀವಲ್ಲಭ, ಅನಿವರ್ತಕನಿವರ್ತಯಿತೃ. ಸುಮಾರು 739ರ ನವಸಾರಿ ತಾಮ್ರಪಟದಲ್ಲಿ ನಾಲ್ಕೂ ಇವೆ. ಕೊನೆಯದನ್ನು ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಅರಬ್ಬರನ್ನು ಓಡಿಸಿದಷ್ಟೇ ದಮ್ಮು ಬೇಕು.

ಬಿರುದಿನ ಮಾತಾಯಿತು, ಇನ್ನು ರೊಕ್ಕದ ಮಾತು. ಇದಕ್ಕೂ ಶತಮಾನದ ಹಿಂದೆ ಬಾದಾಮಿಯ ಮಂಗಳೇಶ ಕಳಚುರಿಗಳ ಬುದ್ಧರಾಜನನ್ನು ಸೋಲಿಸಿ ಅವನ ಸಂಪತ್ತನ್ನು ದೋಚಿದ್ದನ್ನು ಮಹಾಕೂಟದ ಕಂಬ ಇಂದಿಗೂ ಜಂಬದಿಂದ ಹೇಳುತ್ತಿದೆ. ಕಳಚುರಿ ರಾಜ್ಯ ಮುಳುಗಿತು, ಚಾಲುಕ್ಯರ ವರಾಹ ಮೇಲೆದ್ದಿತು. ಆದರೆ ಸುಮಾರು 710ರಲ್ಲಿ ನಾಸಿಕದ ಬಳಿಯ ಅಂಜನೇರಿಯಲ್ಲಿ ಚಾಲುಕ್ಯರದೇ ಸಾಮಂತನೊಬ್ಬ ಹೊರಡಿಸಿದ ತಾಮ್ರಪಟವನ್ನು ನೋಡಿ. ದಂಡ ಕಟ್ಟಬೇಕಾದದ್ದು ‘ಕೃಷ್ಣರಾಜ ರೂಪಕ’ಗಳಲ್ಲಿ! ಕೃಷ್ಣರಾಜ ಯಾರು? ಸೋತ ಬುದ್ಧರಾಜನ ಅಜ್ಜ. ಸತ್ತು ನೂರಿಪ್ಪತ್ತು ವರ್ಷ ದಾಟಿದ್ದ ಶತ್ರುವಂಶದ ರಾಜನ ಮುಖ ಒಂದು ಕಡೆ, ಅವನ ನಂದಿ ಇನ್ನೊಂದು ಕಡೆ, ಸುತ್ತ ‘ಪರಮಮಾಹೇಶ್ವರ, ಮಾತಾಪಿತೃಗಳ ಪಾದಧ್ಯಾನಿ’ ಎಂಬ ಬರಹ. ಗೆದ್ದವನ ಕಚೇರಿಯಲ್ಲಿ ಸೋತವನ ಅಜ್ಜನಿಗೆ ಮರ್ಯಾದೆ. ಆ ಮೇಲೆ ಬಂದ ರಾಷ್ಟ್ರಕೂಟರಂತೂ ಇನ್ನೂ ಜಾಣರು. ಎಲ್ಲೋರದಲ್ಲಿ ಬೆಟ್ಟವನ್ನೇ ಕಡೆದು ಕೈಲಾಸ ಮಾಡಿದರು, ಅವರದೇ ಎಂದು ವಿದ್ವಾಂಸರೆಲ್ಲ ಒಪ್ಪುವ ನಾಣ್ಯ ಮಾತ್ರ ಬಹುತೇಕ ಇಲ್ಲವೇ ಇಲ್ಲ. ಮುಖ ಒತ್ತದೆಯೂ ರಾಜ್ಯ ನಡೆಯುತ್ತದೆ ಎಂಬ ಈ ರಹಸ್ಯವನ್ನು ಅವರು ಯಾರಿಗೂ ಹೇಳದೆ ಹೋದರು. ಹೇಳಿದ್ದರೆ ಇಂದು ನಮ್ಮ ಊರುಗಳಲ್ಲಿ ಫ್ಲೆಕ್ಸ್ ಅಂಗಡಿಗಳು ಮುಚ್ಚಿರುತ್ತಿದ್ದವು.

ಮುಖದ ಹುಚ್ಚು ಹಿಡಿದವರನ್ನು ನೋಡಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು, ಭರೂಚಿಗೆ. ಒಂದನೆಯ ಶತಮಾನದಲ್ಲಿ ಹೆಸರು ಹೇಳದ ಗ್ರೀಕ್ ನಾವಿಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಕೈಪಿಡಿಯಲ್ಲಿ ಎರಡು ಮಾತಿದೆ. ಒಂದು, ಭರೂಚಿನ ಪೇಟೆಯಲ್ಲಿ ಅಪೊಲೊಡೋಟಸ್, ಮಿನಾಂಡರ್ ಎಂಬ ಯವನ ರಾಜರ ಹಳೆಯ ದ್ರಮ್ಮಗಳು ಇನ್ನೂ ಓಡುತ್ತಿವೆ. ಆ ರಾಜರು ಮಣ್ಣಾಗಿ ತಲೆಮಾರುಗಳೇ ಕಳೆದಿದ್ದವು. ಎರಡು, ರೋಮಿನ ಚಿನ್ನ ಬೆಳ್ಳಿಯ ನಾಣ್ಯಗಳನ್ನು ತಂದು ಇಲ್ಲಿಯ ಹಣಕ್ಕೆ ಬದಲಿಸಿಕೊಂಡರೆ ಲಾಭವುಂಟು. ದೈವತ್ವಕ್ಕೇರಿದ ಅಗಸ್ಟಸ್ ಸೀಸರ್, ದೇವಪುತ್ರನೆಂದು ತನ್ನ ನಾಣ್ಯದಲ್ಲೇ ಬರೆಸಿಕೊಂಡ ಟೈಬೀರಿಯಸ್, ಇಬ್ಬರೂ ಇಲ್ಲಿಗೆ ಬಂದದ್ದು ಸರಕಾಗಿ. ರೋಮಿನ ಪ್ರಜೆ ನಡುಗುತ್ತಿದ್ದ ಮುಖಗಳ ಮೇಲೆ ನಮ್ಮವರು ಉಳಿಯಿಂದ ಒಂದು ಗೀರು ಹಾಕಿ ಒಳಗೆ ಅಸಲಿ ಚಿನ್ನವೇ ಎಂದು ನೋಡಿದ್ದೂ ಇದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ಬೈಜಾಂಟಿಯಂ ನಾಣ್ಯಗಳಿಗಂತೂ ತೂತು ಕೊರೆಯಲಾಗಿದೆ. ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ ಹಾನಗಲ್ ಸೀಮೆಗೆ ಬಂದು ಕಾಸಿನ ಸರವಾದ. ಅದಕ್ಕಿಂತ ಒಳ್ಳೆಯ ಪದವಿ ಅವನಿಗೆ ಸಿಕ್ಕಿರಲಾರದು.

ಭರೂಚಿನ ಮೇಲೆ ಮುನ್ನೂರು ವರ್ಷಕ್ಕೂ ಮಿಕ್ಕಿ ಹಿಡಿತವಿದ್ದ ಪಶ್ಚಿಮ ಕ್ಷತ್ರಪರ ಬೆಳ್ಳಿ ನಾಣ್ಯ ಚಿಕ್ಕದು, ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ತುಂಬಿರುವ ಮಹತ್ವಾಕಾಂಕ್ಷೆಗೆ ಮಾತ್ರ ಒಂದು ಜಿಲ್ಲೆ ಸಾಲದು. ಮುಮ್ಮುಖದಲ್ಲಿ ಮೀಸೆ, ಟೋಪಿಯ ರಾಜ. ತಲೆ ಹಿಂದೆ ಇಸವಿ. ಚರಿತ್ರೆಕಾರರು ಇದೊಂದಕ್ಕಾಗಿ ಅವರಿಗೆ ಕೈಮುಗಿಯುತ್ತಾರೆ. ತಲೆಮಾರು ಬದಲಾಗುತ್ತದೆ, ಮುಖ ಬದಲಾಗುವುದಿಲ್ಲ. ಅಪ್ಪನ ಮೂಗು, ಮಗನ ಮೂಗು, ಮೊಮ್ಮಗನ ಮೂಗು ಎಲ್ಲ ಒಂದೇ ಅಚ್ಚಿನವು. ಸುತ್ತಲೂ ಗ್ರೀಕ್ ಅಕ್ಷರ. ಮೊದಮೊದಲು ಅದಕ್ಕೆ ಅರ್ಥವಿತ್ತು. ಆಮೇಲೆ ಕೆತ್ತುವವನಿಗೂ ಗ್ರೀಕ್ ಬಾರದು, ಕೆತ್ತಿಸುವವನಿಗೂ ಬಾರದು, ಓದುವವನಂತೂ ಇಲ್ಲವೇ ಇಲ್ಲ. ಆದರೂ ಬಿಡಲಿಲ್ಲ, ಬರೀ ಗೀಟುಗಳಾಗಿ ಉಳಿಸಿಕೊಂಡರು. ವೈಟ್‌ಫೀಲ್ಡಿನಲ್ಲಿ ಇಟಲಿಯ ಹೆಸರಿಟ್ಟ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡವರು ಈ ಕ್ಷತ್ರಪರನ್ನು ನೋಡಿ ನಗಬಾರದು.

ಹಿಮ್ಮುಖದಲ್ಲಿ ಮೂರು ಕಮಾನಿನ ಬೆಟ್ಟ, ಕೆಳಗೆ ನದಿಯ ಅಲೆ, ಮೇಲೆ ಚಂದ್ರ, ಸೂರ್ಯ. ಸುತ್ತ ಬ್ರಾಹ್ಮಿಯಲ್ಲಿ ‘ರಾಜ ಮಹಾಕ್ಷತ್ರಪ ಇಂಥವನ ಮಗ ರಾಜ ಮಹಾಕ್ಷತ್ರಪ ಇಂಥವನ’ ಎಂಬ ಬರಹ. ಅರ್ಧ ನಾಣ್ಯ ಅಪ್ಪನಿಗೇ ಹೋಯಿತು. ವಂಶಪಾರಂಪರ್ಯ ರಾಜಕಾರಣವನ್ನು ಖಂಡಿಸಿ ಭಾಷಣ ಮಾಡಿ ಕೆಳಗಿಳಿದು ಮಗನಿಗೆ ಟಿಕೆಟ್ ಕೇಳುವ ನಮ್ಮ ಮುಖಂಡರಿಗಿಂತ ಇವರು ವಾಸಿ. ಬೆಳ್ಳಿಯಲ್ಲೇ ಒತ್ತಿ ಒಪ್ಪಿಕೊಂಡಿದ್ದಾರೆ.

ಮುಖ ಒತ್ತುವವರಿಗೆ ಒಂದು ಭಯ ಸದಾ ಇರುತ್ತದೆ: ಆಮೇಲೆ ಬರುವವನು. 1906ರಲ್ಲಿ ನಾಸಿಕದ ಹತ್ತಿರ ಜೋಗಲ್‌ಟೆಂಭಿಯಲ್ಲಿ ಕ್ಷತ್ರಪ ನಹಪಾನನ ಹದಿಮೂರು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅವುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ಶಾತಕರ್ಣಿ ತನ್ನ ಬೆಟ್ಟವನ್ನೂ ಉಜ್ಜಯಿನಿಯ ಚಿಹ್ನೆಯನ್ನೂ ಮತ್ತೆ ಕುಟ್ಟಿಸಿದ್ದ. ಕರಗಿಸಿ ಹೊಸದು ಹೊಡೆಸಬಹುದಿತ್ತು. ಅದಕ್ಕೆ ಸೌದೆ ಬೇಕು, ಕೂಲಿ ಬೇಕು. ಕರಗಿಸಿದರೆ ಶತ್ರುವಿನ ಮುಖಕ್ಕೆ ಹೊಡೆದ ಸುಖವೂ ಇಲ್ಲ. ಹಳೆಯ ಸರ್ಕಾರದ ಯೋಜನೆಯ ಮೇಲೆ ಹೊಸ ಸರ್ಕಾರದ ಸ್ಟಿಕರ್ ಅಂಟಿಸುವ ಪದ್ಧತಿ ಹೀಗೆ ಹತ್ತೊಂಬತ್ತು ಶತಮಾನ ಹಳೆಯದು. ಗುರುತು ಎಷ್ಟು ಜೋರಾಗಿ ಕುಟ್ಟಿದರೂ ಬದಿಯಲ್ಲಿ ನಹಪಾನನ ಮೂಗು ಇಣುಕುತ್ತಲೇ ಇದೆ. ತೂಕ ಅಷ್ಟೇ ಇದೆ. ಶರಾಫನಿಗೆ ಬೇಕಾದದ್ದು ಅದು.

ಗುಪ್ತರು ಬಂದರು. ಸುಮಾರು 400ರ ಹೊತ್ತಿಗೆ ಎರಡನೆಯ ಚಂದ್ರಗುಪ್ತ ಕ್ಷತ್ರಪರನ್ನು ಮುಗಿಸಿದ. ವಿಕ್ರಮಾದಿತ್ಯನಲ್ಲವೇ, ಹೊಸ ಯುಗದ ಹೊಸ ಹಣ ಬಂದಿರಬೇಕು ಎಂದುಕೊಂಡರೆ, ಬೆಳ್ಳಿಯಲ್ಲಿ ಬಂದದ್ದು ಅದೇ ಗಾತ್ರ, ಅದೇ ಕ್ಷತ್ರಪರ ಮೀಸೆಮುಖ, ಅದೇ ಅರ್ಥವಿಲ್ಲದ ಗ್ರೀಕ್ ಗೀಟುಗಳ ಪಳೆಯುಳಿಕೆ. ಹಿಂದುಗಡೆ ಬೆಟ್ಟ ತೆಗೆದು ಗರುಡನನ್ನು ಕೂರಿಸಿದ, ಕ್ರಾಂತಿ ಮುಗಿಯಿತು. ಶತ್ರುವನ್ನು ಕೊಲ್ಲುವುದು ಸುಲಭ, ಪೇಟೆಯ ಅಭ್ಯಾಸವನ್ನು ಕೊಲ್ಲಲಾಗದು ಎಂದು ವಿಕ್ರಮಾದಿತ್ಯನಿಗೆ ಯಾವ ಬೇತಾಳ ಹೇಳಿತೋ ತಿಳಿಯದು.

ಬೆಳ್ಳಿ ಬಡಪಾಯಿ ಪೇಟೆಗೆ. ಚಿನ್ನ ಮಾತ್ರ ಸ್ವಂತಕ್ಕೆ. ಚಿನ್ನದಲ್ಲಿ ನೋಡಿ ಗುಪ್ತರ ಫೋಟೊ ಆಲ್ಬಂ: ಸಮುದ್ರಗುಪ್ತ ವೀಣೆ ನುಡಿಸುತ್ತಾನೆ, ಹುಲಿ ಹೊಡೆಯುತ್ತಾನೆ, ಅಶ್ವಮೇಧದ ಕುದುರೆಯನ್ನು ನಿಲ್ಲಿಸುತ್ತಾನೆ. ಅವನ ಮಗ ಚಂದ್ರಗುಪ್ತ ಸಿಂಹ ಹೊಡೆಯುತ್ತಾನೆ. ಸಿಂಹದ ನಾಡಾದ ಗುಜರಾತು ಕೈವಶವಾದದ್ದನ್ನು ಸಾರಲು ಇದು ಎಂದು ವಿದ್ವಾಂಸರ ಊಹೆ. ಮೊಮ್ಮಗ ಕುಮಾರಗುಪ್ತನಿಗೆ ಹುಲಿ ಸಿಂಹಗಳು ಸಾಲಲಿಲ್ಲ, ಘೇಂಡಾಮೃಗಕ್ಕೂ ಕೈಹಾಕಿದ. ಇನ್ನೊಂದು ತಲೆಮಾರು ಹೀಗೆ ನಡೆದಿದ್ದರೆ ಮುಳ್ಳುಹಂದಿಗೂ ಅಪಾಯವಿತ್ತು. ಅಷ್ಟರಲ್ಲಿ ಸ್ಕಂದಗುಪ್ತನ ಕಾಲ. ನಾಣ್ಯದ ತೂಕ ಹೆಚ್ಚಿತು, ಅದರೊಳಗಿನ ಚಿನ್ನದ ಪಾಲು ಕುಗ್ಗಿತು. ಹೂಣರ ಯುದ್ಧದ ಖರ್ಚು, ಏನು ಮಾಡುವುದು. ಸುವರ್ಣಯುಗ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದರ ಕೊನೆಯ ಅಧ್ಯಾಯವನ್ನು ಒರೆಗಲ್ಲು ಬೇರೆ ಥರ ಓದುತ್ತದೆ.

ಇನ್ನು ಮೊಗಲರ ಕಾಲದ ಅಹಮದಾಬಾದಿಗೆ ಬರೋಣ. 1618ರಲ್ಲಿ ಜಹಾಂಗೀರ್ ಅಲ್ಲಿ ಬೇಸಿಗೆ ಕಳೆಯಬೇಕಾಗಿ ಬಂತು. ಧೂಳು, ಸೆಕೆ, ಜ್ವರ. ಈ ಊರು ಕಟ್ಟಿದವನಿಗೆ ಇಲ್ಲಿ ಏನು ಸೊಗಸು ಕಂಡಿತೋ ಎಂದು ತನ್ನ ದಿನಚರಿಯಲ್ಲಿ ಆಶ್ಚರ್ಯಪಟ್ಟು, ಗರ್ದಾಬಾದ್ ಎನ್ನಲೋ, ಬೀಮಾರಿಸ್ತಾನ್ ಎನ್ನಲೋ, ಜಹನ್ನುಮಾಬಾದ್ ಎನ್ನಲೋ ಎಂದು ಹೆಸರಿಡಲು ಕೂತ: ಧೂಳೂರು, ರೋಗದೂರು, ನರಕದೂರು. ಊರುಗಳ ಹೆಸರು ಬದಲಿಸುವ ಚಟ ಹೊಸದೇನಲ್ಲ ನೋಡಿ. ಈ ಬಾದಷಾ ಕೊನೆಪಕ್ಷ ಗೆಜೆಟ್ ಹೊರಡಿಸದೆ ಬಿಟ್ಟ. ಅದೇ ಊರಿನ ಟಂಕಸಾಲೆಯಲ್ಲಿ, ಅದೇ ವರ್ಷ, ಮೊಗಲ್ ನಾಣ್ಯಗಳಲ್ಲೇ ಅತ್ಯಂತ ಚೆಂದದ ಕಲ್ಪನೆ ಹುಟ್ಟಿತು. ನಾಣ್ಯದ ಮೇಲೆ ತಿಂಗಳ ಹೆಸರಿನ ಬದಲು ಆ ತಿಂಗಳ ರಾಶಿಯ ಚಿತ್ರವನ್ನೇ ಹಾಕಿದರೆ ಹೇಗೆ? ಮೇಷಕ್ಕೆ ಟಗರು, ವೃಷಭಕ್ಕೆ ಗೂಳಿ. ಬೆಳ್ಳಿಯ ರಾಶಿ ರೂಪಾಯಿಗಳು ಅಹಮದಾಬಾದಿನಲ್ಲಿ ಬಂದವು, ಚಿನ್ನದ ಮೊಹರುಗಳು ಮುಖ್ಯವಾಗಿ ಆಗ್ರಾದಲ್ಲಿ. ಇದು ತನ್ನ ಸ್ವಂತ ಯೋಚನೆ, ಹಿಂದೆ ಯಾರಿಗೂ ಹೊಳೆದಿರಲಿಲ್ಲ ಎಂದು ಬಾದಷಾ ಬರೆದುಕೊಂಡಿದ್ದಾನೆ. ಇದಕ್ಕೂ ಮುಂಚೆ ಕೈಯಲ್ಲಿ ಮದ್ಯದ ಬಟ್ಟಲು ಹಿಡಿದ ತನ್ನ ಚಿತ್ರವನ್ನೇ ಮೊಹರಿನ ಮೇಲೆ ಒತ್ತಿಸಿದವನು ಇವನು. ನಮ್ಮ ಕಾಲದ ಯಾವ ಆಳುವವನಿಗಾದರೂ ಇಷ್ಟು ಪ್ರಾಮಾಣಿಕತೆ ಇದ್ದಿದ್ದರೆ ನೋಟಿನ ಮೇಲೆ ಗುತ್ತಿಗೆದಾರನ ಚಿತ್ರ ಇರುತ್ತಿತ್ತು.

ರಾಶಿ ನಾಣ್ಯಕ್ಕೆ ಒಂದು ಕಟ್ಟುಕತೆಯೂ ಹುಟ್ಟಿತು. ಫ್ರೆಂಚ್ ವಜ್ರದ ವ್ಯಾಪಾರಿ ತಾವೆರ್ನಿಯೆ ಬರೆದ ಪ್ರಕಾರ, ನೂರ್‌ಜಹಾನ್ ಗಂಡನಿಂದ ಇಪ್ಪತ್ನಾಲ್ಕು ಗಂಟೆಯ ರಾಜ್ಯಭಾರ ಬೇಡಿಕೊಂಡು, ಗುಟ್ಟಾಗಿ ಕೂಡಿಟ್ಟ ಬಂಗಾರದಿಂದ ಒಂದೇ ದಿನದಲ್ಲಿ ಇವನ್ನೆಲ್ಲ ಹೊಡೆಸಿದಳಂತೆ. ಗಂಡಸು ಹಾಳುಮಾಡಿದ್ದಕ್ಕೂ ಹೆಂಗಸೇ ಕಾರಣ, ಗಂಡಸು ಚೆನ್ನಾಗಿ ಮಾಡಿದ್ದಕ್ಕೂ ಹೆಂಗಸಿನ ಕುತಂತ್ರವೇ ಕಾರಣ! ನಿಜವಾದ ಸಂಗತಿ ಇದಕ್ಕಿಂತ ದೊಡ್ಡದು: ಜಹಾಂಗೀರನ ಕೊನೆಯ ವರ್ಷಗಳಲ್ಲಿ ಅವಳ ಹೆಸರು ಹೊತ್ತ ರೂಪಾಯಿಗಳು ಹಲವು ಟಂಕಸಾಲೆಗಳಿಂದ ಬಂದವು, ಸೂರತ್ತಿನಿಂದಲೂ ಬಂದವು. ಅದಕ್ಕೆ ಇಪ್ಪತ್ನಾಲ್ಕು ಗಂಟೆಯ ವರ ಬೇಕಿರಲಿಲ್ಲ.

ಅತಿ ಅವಸರದ ನಾಣ್ಯದ ಕತೆಯೂ ಇಲ್ಲಿಯದೇ. 1657ರಲ್ಲಿ ಷಾಜಹಾನ್ ಕಾಯಿಲೆ ಬಿದ್ದ ಸುದ್ದಿ ಕೇಳಿದ್ದೇ ಗುಜರಾತಿನ ಸುಬೇದಾರನಾಗಿದ್ದ ಕಿರಿಮಗ ಮುರಾದ್ ಬಕ್ಷ್ ಸೂರತ್ತಿನ ಕೋಟೆ ಹಿಡಿಸಿದ, ಅಲ್ಲಿಯ ವರ್ತಕರಿಂದ ಲಕ್ಷಗಟ್ಟಲೆ ‘ಸಾಲ’ ಎತ್ತಿದ, ಅಹಮದಾಬಾದಿನಲ್ಲಿ ಪಟ್ಟಕ್ಕೇರಿದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆ ಬೆಳ್ಳಿಯ ಮೇಲೇ ಹೊಡೆಸಿದ ಬರಹದಲ್ಲಿ ತಾನು ಎರಡನೆಯ ಅಲೆಕ್ಸಾಂಡರ್ ಎಂದೂ ಷಾಜಹಾನನಿಂದ ಪಿತ್ರಾರ್ಜಿತವಾಗಿ ರಾಜ್ಯ ಪಡೆದವನೆಂದೂ ಘೋಷಿಸಿಕೊಂಡ. ಪಿತೃ ಬದುಕಿದ್ದ. ಆಮೇಲೂ ಎಂಟು ವರ್ಷ ಬದುಕಿದ್ದ! ಎರಡನೆಯ ಅಲೆಕ್ಸಾಂಡರನನ್ನು ಕೆಲವೇ ತಿಂಗಳಲ್ಲಿ ಔರಂಗಜೇಬ ಊಟಕ್ಕೆ ಕರೆದು ಬೇಡಿ ಹಾಕಿಸಿದ, 1661ರಲ್ಲಿ ಗ್ವಾಲಿಯರ್ ಕೋಟೆಯಲ್ಲಿ ತಲೆ ತೆಗೆಸಿದ. ಸಾಲ ಕೊಟ್ಟ ವರ್ತಕರ ಕೈಗೆ ಬಂದದ್ದು ಅವರದೇ ಬೆಳ್ಳಿ, ಅದೂ ರದ್ದಾದ ಬಾದಷಾಹನ ಮುದ್ರೆಯೊಂದಿಗೆ.

ಇಲ್ಲಿ ಶರಾಫನ ಕಸುಬನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊಗಲರ ಕಾಲದಲ್ಲಿ ಯಾರು ಬೇಕಾದರೂ ಬೆಳ್ಳಿ ತಂದು ಟಂಕಸಾಲೆಯಲ್ಲಿ ಶುಲ್ಕ ಕಟ್ಟಿ ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. ದಕ್ಷಿಣ ಅಮೆರಿಕದ ಗಣಿಯ ಬೆಳ್ಳಿ ಸ್ಪೇನಿನ ರಾಜಮುದ್ರೆ ಹೊತ್ತು ಹಡಗಿನಲ್ಲಿ ಸೂರತ್ತಿಗೆ ಬಂದು, ಕುಲುಮೆಯಲ್ಲಿ ಮುದ್ರೆ ಕಳೆದುಕೊಂಡು ಬಾದಷಾಹನ ರೂಪಾಯಿಯಾಗಿ ಹೊರಬೀಳುತ್ತಿತ್ತು. ಆ ವರ್ಷದ ಹೊಸ ರೂಪಾಯಿಗೆ ‘ಸಿಕ್ಕಾ’ ಎಂದು ಪೂರ್ತಿ ಬೆಲೆ. ವರ್ಷ ಕಳೆದರೆ ಅದು ‘ಚಲನಿ’, ಬೆಲೆ ಇಳಿಯಿತು. ಬಾದಷಾ ಸತ್ತರೆ ಇನ್ನೂ ಇಳಿಯಿತು. ಆ ಇಳಿಕೆಯೇ ವಟ್ಟ, ಅದು ಹೋಗುವುದು ಶರಾಫನ ಪೆಟ್ಟಿಗೆಗೆ. ಗಮನಿಸಿ, ಬೆಳ್ಳಿ ಒಂದು ಗುಂಜಿಯೂ ಸವೆಯದಿರಬಹುದು. ಸವೆದದ್ದು ಬಾದಷಾಹನ ಹೆಸರು. ಚಕ್ರವರ್ತಿ ಪ್ರತಿ ವರ್ಷ ತನ್ನ ಆಳ್ವಿಕೆಯ ಇಸವಿಯನ್ನು ಜಂಬದಿಂದ ಒತ್ತಿಸುತ್ತಿದ್ದ, ಶರಾಫ ಆ ಜಂಬದ ಮೇಲೆ ವರ್ಷವರ್ಷವೂ ಶೇಕಡಾವಾರು ಕತ್ತರಿಸಿಕೊಳ್ಳುತ್ತಿದ್ದ. ನಮ್ಮ ರಾಜಕೀಯದಲ್ಲಿ ‘ಸವಕಲು ನಾಣ್ಯ’ ಎಂದು ಒಬ್ಬರನ್ನೊಬ್ಬರು ಬಯ್ದುಕೊಳ್ಳುವವರು ವಟ್ಟದ ದರವನ್ನೂ ಹೇಳಿದರೆ ಮತದಾರನಿಗೆ ಅನುಕೂಲ.

ಇದನ್ನು ಚೆನ್ನಾಗಿ ಅರಿತವರು ಇಂಗ್ಲಿಷರು, ಅದೂ ಎಡವಿ ಎಡವಿ. ಮುಂಬಯಿಯಲ್ಲಿ ಅವರು ತಮ್ಮ ಭಾಷೆ, ತಮ್ಮ ಲಾಂಛನ ಒತ್ತಿ ನಾಣ್ಯ ಹೊಡೆದರು. ಒಳನಾಡಿನ ಪೇಟೆ ಮೂಸಿಯೂ ನೋಡಲಿಲ್ಲ. ಪಾರಸಿ ಲಿಪಿಯಲ್ಲಿ ವಿಲಿಯಂ ಮತ್ತು ಮೇರಿಯರ ಹೆಸರು ಹಾಕಿ ರೂಪಾಯಿ ಮಾಡಿದರು, ಔರಂಗಜೇಬ ಕೆಂಡವಾದ. ಆಮೇಲೆ ಬುದ್ಧಿ ಬಂತು. 1717ರಲ್ಲಿ ಫರೂಕ್‌ಸಿಯಾರ್‌ನ ಫರ್ಮಾನು ಹಿಡಿದು ಬಾದಷಾಹನ ಹೆಸರಲ್ಲೇ ಹೊಡೆಯತೊಡಗಿದರು. 1759ರಲ್ಲಿ ಸೂರತ್ತಿನ ಕೋಟೆ ಹಿಡಿದ ಮೇಲೂ, 1800ರಲ್ಲಿ ಊರಿನ ಆಡಳಿತವನ್ನೇ ನುಂಗಿದ ಮೇಲೂ ಸೂರತ್ ರೂಪಾಯಿಯ ಮೇಲೆ ಮೊಗಲ್ ಬಾದಷಾ ಷಾ ಆಲಂನದೇ ಹೆಸರು. ಆ ಷಾ ಆಲಂ ದೆಹಲಿಯಲ್ಲಿ ಕಣ್ಣು ಕೀಳಿಸಿಕೊಂಡು ಕುರುಡನಾಗಿ, ಇವರದೇ ಪಿಂಚಣಿಯಲ್ಲಿ ಬದುಕುತ್ತಿದ್ದ. ಕೊನೆಗೆ ಇಸವಿಯನ್ನೂ ನಿಲ್ಲಿಸಿಬಿಟ್ಟರು: ಬಂಗಾಳದಲ್ಲಿ ಆಳ್ವಿಕೆಯ 19ನೇ ವರ್ಷ, ಸೂರತ್ ರೂಪಾಯಿಯಲ್ಲಿ 46ನೇ ವರ್ಷ. ಬಾದಷಾ ಸತ್ತ, ಅವನ ಮಗ ಪಟ್ಟಕ್ಕೆ ಬಂದ, ರೂಪಾಯಿಯಲ್ಲಿ ಮಾತ್ರ ನಲವತ್ತಾರೇ. ಇಸವಿ ಓಡದಿದ್ದರೆ ಶರಾಫ ಯಾವುದರ ಮೇಲೆ ವಟ್ಟ ಹಿಡಿಯಬೇಕು? ಸಾಮ್ರಾಜ್ಯ ಗಟ್ಟಿಯಾಯಿತು ಎಂಬ ಧೈರ್ಯ ಬಂದ ಮೇಲೆ, 1835ರಲ್ಲಿ, ತಮ್ಮ ರಾಜನ ತಲೆ ಹಾಕಿದರು.

ಇದರಲ್ಲಿ ಇಂಗ್ಲಿಷರಿಗೆ ಸರಿಸಾಟಿಯಾದವನು ಶ್ರೀರಂಗಪಟ್ಟಣದಲ್ಲೇ ಇದ್ದ ಎನ್ನಬಹುದು. ಹೈದರ್ ಅಲಿ ಮೈಸೂರಿನ ಒಡೆತನ ಹಿಡಿದಾಗ ಚಿನ್ನದ ವರಾಹದ ಮೇಲಿದ್ದ ಶಿವಪಾರ್ವತಿಯರನ್ನು ಕದಲಿಸಲಿಲ್ಲ. ಹಿಂದುಗಡೆ ತನ್ನ ಹೆಸರಿನ ಒಂದೇ ಒಂದು ಪಾರಸಿ ಅಕ್ಷರ ಹಾಕಿ ಸುಮ್ಮನಾದ. ಓದುಬರಹ ಬಾರದವನಿಗೆ ಪೇಟೆ ಓದಲು ಬರುತ್ತಿತ್ತು. ಇವನ ಪಕ್ಕದಲ್ಲಿ ತಲಕಾಡು ಗೆದ್ದದ್ದೇ ತಡ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಚಿನ್ನದ ಮೇಲೆ ಬರೆಸಿದ ವಿಷ್ಣುವರ್ಧನನನ್ನು ನಿಲ್ಲಿಸಿ. ಆಮೇಲೆ ನೊಳಂಬವಾಡಿಗೂ ಒಂದು ನಾಣ್ಯ. ಕನ್ನಡ ಅಕ್ಷರ ಕಂಡು ನನಗೂ ಹೆಮ್ಮೆಯೇ. ಆದರೂ ಅದು ಚುನಾವಣೆ ಗೆದ್ದ ರಾತ್ರಿಯ ಬ್ಯಾನರ್ ಎನ್ನುವುದನ್ನು ಮುಚ್ಚಿಡಲಾರೆ.

ಈಗ ಸೂರತ್ತಿನಲ್ಲಿ ಟಂಕಸಾಲೆ ಇಲ್ಲ ಎಂದವರು ಚುನಾವಣೆಯ ಹಂಗಾಮಿನಲ್ಲಿ ಅಲ್ಲಿಯ ಜವಳಿ ಮಾರುಕಟ್ಟೆಗೆ ಹೋಗಿಲ್ಲ. ಆಳುವವರ ಮುಖ, ಆಳಬೇಕೆನ್ನುವವರ ಮುಖ, ಕಮಲ, ಕೈ, ಪೊರಕೆ ಎಲ್ಲ ಸೀರೆಗೂ ಬಾವುಟಕ್ಕೂ ಅಚ್ಚಾಗುವುದು ಅಲ್ಲೇ. ಸಿದ್ಧಾಂತ ಕೇಳುವುದಿಲ್ಲ, ಮೀಟರು ಕೇಳುತ್ತಾರೆ. ಮುಂಗಡ ಕೊಟ್ಟವನೇ ಚಕ್ರವರ್ತಿ. ಸಚಿನ್‌ನ ಜಿಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಗೇಟಿನ ಮುಂದೆ ಚಹಾ ಮಾರುವವನ ಗಾಡಿಯ ಮೇಲೆ ಯಾವ ರಾಜನೂ ಇಲ್ಲ, ಒಂದು ಕ್ಯೂಆರ್ ಚೌಕ ಇದೆ. ದುಡ್ಡು ಬಂತೆಂದು ಸಾರಲು ಒಂದು ಡಬ್ಬಿ, ಅದರೊಳಗೆ ಸಿನಿಮಾ ನಟನ ದನಿ. ಬಿರುದಾವಳಿ ಹೊಗಳುಭಟರಿಗೆ ಕೆಲಸ ಹೋಯಿತೆಂದು ಯಾರು ಹೇಳಿದರು?

ಚಿಹ್ನೆ ಓದುವ ಹುಚ್ಚು ಮಾತ್ರ ಜನರನ್ನು ಬಿಟ್ಟಿಲ್ಲ. 2006ರ ಸುಮಾರಿಗೆ ಎರಡು ರೂಪಾಯಿಯ ಮೇಲೆ ‘ವಿವಿಧತೆಯಲ್ಲಿ ಏಕತೆ’ ಸಾರಲು ಕೂಡುಗೆರೆ ಹಾಕಿದರು. ಅದು ಶಿಲುಬೆ, ಒಂಬತ್ತನೆಯ ಶತಮಾನದ ಫ್ರಾಂಕ್ ಚಕ್ರವರ್ತಿ ಲೂಯಿಯ ನಾಣ್ಯದ ನಕಲು ಎಂದು ಗಲಾಟೆಯಾಯಿತು. ಏಕತೆಯನ್ನು ತೋರಿಸಹೋಗಿ ವಿವಿಧತೆ ಮಾತ್ರ ಸಿಕ್ಕಿತು. 2007–08ರಲ್ಲಿ ನೃತ್ಯಮುದ್ರೆ ತಂದರು: ಐವತ್ತು ಪೈಸೆಗೆ ಮುಷ್ಟಿ, ರೂಪಾಯಿಗೆ ಹೆಬ್ಬೆರಳು, ಎರಡು ರೂಪಾಯಿಗೆ ಎರಡು ಬೆರಳು. ಬೆಲೆಯೇರಿಕೆಯ ಮುಂದೆ ಸರ್ಕಾರ ಕೈಸನ್ನೆ ಮಾಡುವುದು ಬಿಟ್ಟು ಬೇರೇನು ಮಾಡೀತು? ಇನ್ನು ಹತ್ತು ರೂಪಾಯಿಯ ನಾಣ್ಯ. ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ ಎಂದು ಯಾರೋ ಹಬ್ಬಿಸಿದರು. ಬಸ್ ಕಂಡಕ್ಟರಿಂದ ಹಿಡಿದು ತರಕಾರಿ ಗಾಡಿಯವರೆಗೆ ದೇಶವೆಲ್ಲ ನಾಣ್ಯಶಾಸ್ತ್ರದ ಪಂಡಿತರಾಯಿತು. ಇಷ್ಟು ಶ್ರದ್ಧೆಯಿಂದ ಯಾರೂ ಕ್ಷತ್ರಪರ ನಾಣ್ಯವನ್ನೂ ಓದಿಲ್ಲ. ಅದೇ ಜನ ಧನತ್ರಯೋದಶಿಯ ದಿನ ಲಕ್ಷ್ಮಿಯ ಪಕ್ಕದಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಇಟ್ಟು ಕುಂಕುಮ ಹಚ್ಚುತ್ತಾರೆ. ಗುಜರಾತಿನಲ್ಲೂ ಹಾಗೆ, ನಮ್ಮ ಮನೆಗಳಲ್ಲೂ ಹಾಗೆ. ಒಮ್ಮೆಯೂ ಈ ದೇಶಕ್ಕೆ ಕಾಲಿಡದ ಚಕ್ರವರ್ತಿನಿಗೆ ಸತ್ತು ನೂರಿಪ್ಪತ್ತು ವರ್ಷ ದಾಟಿದ ಮೇಲೂ ಆರತಿ. ಕಾರಣ ಒಂದೇ, ಆ ರೂಪಾಯಿಯಲ್ಲಿ ಬೆಳ್ಳಿ ಇದೆ.

ನಿಮ್ಮ ಡಬ್ಬಿಯಲ್ಲಿ ಹತ್ತರ ನಾಣ್ಯ ಬಿದ್ದಿದ್ದರೆ ಹೊರಗೆ ತೆಗೆಯಿರಿ. ಹದಿನಾಲ್ಕು ವಿನ್ಯಾಸಗಳಲ್ಲಿ ಬಂದಿದ್ದ ಹತ್ತು ರೂಪಾಯಿ ನಾಣ್ಯಗಳೆಲ್ಲ ಊರ್ಜಿತ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ನಾಣ್ಯಗಳಲ್ಲಿ ಸಾವಿರ ರೂಪಾಯಿವರೆಗೂ ಪಾವತಿ ಮಾಡಬಹುದು. ಗೆರೆ ಎಣಿಸುತ್ತ ಕೂರಬೇಡಿ, ಕೊಡಿ, ಕೊಟ್ಟರೆ ತಗೊಳ್ಳಿ. ವಟ್ಟ ಕೇಳಿದರೆ ಮಾತ್ರ ಕೊಡಬೇಡಿ.